ಒಂಬತ್ತಕ್ಕೇ ನಿಲ್ಲುವ ಲೆಕ್ಕ: ಪ್ಲಂಬರ್, ಎಸಿ ಮೆಕ್ಯಾನಿಕ್‌ಗಳ ಆರೋಗ್ಯ ವಿಮೆ

ಫೆಬ್ರವರಿ ಮುಗಿಯುತ್ತಿದ್ದಂತೆ ಎಸಿ ಸರ್ವಿಸ್ ಅಂಗಡಿಗಳಲ್ಲಿ ಫೋನು ಕೆಳಗಿಡಲು ಪುರುಸೊತ್ತಿರುವುದಿಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಬೇಸಿಗೆ ಇನ್ನೂ ಬೇಗ ಕಾಲಿಡುತ್ತದೆ. ಇರುವ ಹುಡುಗರಿಂದ ಕೆಲಸ ಸಾಗದೆ ಇನ್ನಿಬ್ಬರು ಮೂವರನ್ನು ತೆಗೆದುಕೊಳ್ಳಬೇಕಾಗುತ್ತದೆ. ಆಗ ಮಾಲೀಕರು ಒಂದು ಲೆಕ್ಕ ಹಾಕುತ್ತಾರೆ: ಈಗ ಎಂಟು ಜನ ಇದ್ದಾರೆ, ಇನ್ನೊಬ್ಬ ಬಂದರೆ ಒಂಬತ್ತು, ಮತ್ತೊಬ್ಬ ಬಂದರೆ ಹತ್ತು. ಹತ್ತಾದರೆ ಇಎಸ್‌ಐ, ಅಂದರೆ ಸರ್ಕಾರದ ನೌಕರರ ರಾಜ್ಯ ವಿಮೆಯ ವಂತಿಗೆ ಕಟ್ಟಬೇಕು. ಹಾಗಾಗಿ ಹತ್ತನೆಯವನ ಹೆಸರು ಹಾಜರಿ ಪುಸ್ತಕಕ್ಕೆ ಬರುವುದಿಲ್ಲ, ಅವನ ಕೂಲಿ ಶನಿವಾರ ಸಂಜೆ ನೇರವಾಗಿ ಕೈಗೆ ಸೇರುತ್ತದೆ. ಪ್ಲಂಬಿಂಗ್ ಗುತ್ತಿಗೆದಾರರಲ್ಲೂ ಇದೇ ರೂಢಿ. ಅಲ್ಲಿ ಹೊಸ ಕಟ್ಟಡದ ಕೆಲಸ ಸಿಕ್ಕಾಗ ಜನ ಏರುತ್ತಾರೆ, ಮುಗಿದಾಗ ಇಳಿಯುತ್ತಾರೆ; ಪುಸ್ತಕದಲ್ಲಿ ಮಾತ್ರ ಸಂಖ್ಯೆ ಒಂಬತ್ತನ್ನು ದಾಟುವುದಿಲ್ಲ.

ಮೂರನೇ ಮಹಡಿಯ ಸಜ್ಜಾದ ಮೇಲೆ ನಿಂತು ಔಟ್‌ಡೋರ್ ಯೂನಿಟ್ಟನ್ನು ಎದೆಗೆ ಆನಿಸಿ ಹಿಡಿದುಕೊಂಡಿರುವವನು ಹೆಚ್ಚಾಗಿ ಆ ಹತ್ತನೆಯವನೇ, ಏಕೆಂದರೆ ಅದು ಹೆಲ್ಪರ್‌ಗೆ ಬೀಳುವ ಕೆಲಸ. ಒಂದೂವರೆ ಟನ್ನಿನ ಎಸಿಯ ಹೊರ ಯೂನಿಟ್ ಸುಮಾರು ಮೂವತ್ತು ಕೆಜಿ ತೂಗುತ್ತದೆ. ಮೇಸ್ತ್ರಿ ಕಿಟಕಿಯಿಂದ ಕೈ ಚಾಚಿ ಬ್ರಾಕೆಟ್ಟಿನ ಬೋಲ್ಟ್ ಬಿಗಿ ಮಾಡುವವರೆಗೆ ಅವನು ಅಲುಗಾಡುವಂತಿಲ್ಲ. ಸೇಫ್ಟಿ ಬೆಲ್ಟ್ ಕೊಟ್ಟಿರುವ ಅಂಗಡಿಗಳೂ ಇವೆ, ಆದರೆ ಕಟ್ಟಡ ಕಟ್ಟಿದವರು ಅದರ ಕೊಕ್ಕೆ ಸಿಕ್ಕಿಸಲು ಜಾಗ ಬಿಟ್ಟಿರುವುದಿಲ್ಲ. ಕಿಟಕಿಯ ಗ್ರಿಲ್ಲೇ ಆಧಾರ. ಈಗ ಬರುವ ಹೊಸ ಎಸಿಗಳಲ್ಲಿ ಹೆಚ್ಚಾಗಿರುವ ಆರ್-32 ಗ್ಯಾಸಿಗೆ ಅಷ್ಟಿಷ್ಟು ಬೆಂಕಿ ಹಿಡಿಯುವ ಗುಣವಿದೆ. ಕೆಲವು ಮಾದರಿಗಳಲ್ಲಿರುವ ಆರ್-290 ಎಂದರೆ ಸಾಕ್ಷಾತ್ ಪ್ರೊಪೇನ್. ಪ್ಲಂಬರ್‌ಗಳ ಅಪಾಯ ಬೇರೆ ಥರದ್ದು. ಒದ್ದೆ ಬಾತ್‌ರೂಮಿನಲ್ಲಿ ಡ್ರಿಲ್ಲಿಂಗ್ ಮಷೀನ್ ಹಿಡಿದಾಗ ಹೊಡೆಯುವ ಶಾಕ್, ಮುಚ್ಚಿದ ಸಂಪಿನೊಳಗೆ ಇಳಿದಾಗ ಉಸಿರು ಕಟ್ಟುವುದು, ಹತ್ತು ಹದಿನೈದು ವರ್ಷ ಮಂಡಿಯೂರಿ ಕೆಲಸ ಮಾಡಿದ ಮೇಲೆ ಏಳಲಾಗದ ಮಂಡಿ, ಬಗ್ಗಲಾಗದ ಸೊಂಟ. ಮತ್ತೆ ಇಬ್ಬರಿಗೂ ದಿನವಿಡೀ ಬೈಕಿನ ಓಡಾಟ, ಹಿಂದೆ ಏಣಿ ಅಥವಾ ಪೈಪು ಹಿಡಿದು ಕೂತ ಇನ್ನೊಬ್ಬ.

ಇಂಥ ಕಸುಬಿನ ಸಣ್ಣ ಸಂಸ್ಥೆಗಳಲ್ಲಿ ನೌಕರರಿಗೆ ಆರೋಗ್ಯ ವಿಮೆ ಕೊಡಬೇಕೇ, ಕೊಟ್ಟರೆ ಯಾವುದನ್ನು ಕೊಡಬೇಕು ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ಜೋರಾಗಿದೆ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಸಡಿಲಿಸುವಾಗ ಕೇಂದ್ರ ಗೃಹ ಸಚಿವಾಲಯ ಕೆಲಸಗಾರರಿಗೆ ವೈದ್ಯಕೀಯ ವಿಮೆ ಕಡ್ಡಾಯ ಎಂದಿತ್ತು. ಗುಂಪು ಮೆಡಿಕ್ಲೈಮ್, ಅಂದರೆ ನೌಕರರೆಲ್ಲರಿಗೂ ಸೇರಿಸಿ ಮಾಲೀಕರು ಕೊಳ್ಳುವ ಆಸ್ಪತ್ರೆ ಖರ್ಚಿನ ವಿಮೆ, ಸಣ್ಣ ಅಂಗಡಿಗಳ ಕಿವಿಗೆ ಬಿದ್ದದ್ದು ಹೆಚ್ಚಾಗಿ ಆಗಲೇ. 2025ರ ಸೆಪ್ಟೆಂಬರ್ 22ರಂದು ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ಹೋಯಿತು. ಅದೇ ವರ್ಷ ನವೆಂಬರ್ 21ರಂದು, ಇಎಸ್‌ಐ ಸೇರಿದಂತೆ ಹಲವು ಹಳೆಯ ಕಾಯ್ದೆಗಳನ್ನು ಒಟ್ಟುಗೂಡಿಸಿದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂತು. ಈ ಬದಲಾವಣೆಗಳ ನಡುವೆ ಮಾಲೀಕರು ಕೇಳುವ ಮೊದಲ ಪ್ರಶ್ನೆ ಮಾತ್ರ ಹಳೆಯದೇ: ಯಾವ ಪಾಲಿಸಿ ಕಡಿಮೆಗೆ ಸಿಗುತ್ತದೆ? ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಇನ್ನೊಂದು: ಕಾಲು ಮುರಿದುಕೊಂಡು ಮನೆಯಲ್ಲಿ ಕೂತವನಿಗೆ ಮುಂದಿನ ತಿಂಗಳ ಸಂಬಳ ಎಲ್ಲಿಂದ ಬರುತ್ತದೆ?

ತಿಂಗಳಿಗೆ 18,000 ರೂಪಾಯಿ ಸಂಬಳದ ಒಬ್ಬ ಮೆಕ್ಯಾನಿಕ್ ಏಣಿಯಿಂದ ಬಿದ್ದು ಕಾಲಿನ ಮೂಳೆ ಮುರಿದುಕೊಂಡ ಎಂದಿಟ್ಟುಕೊಳ್ಳೋಣ. ಪ್ಲೇಟು, ಸ್ಕ್ರೂ ಹಾಕಿ ಆಪರೇಷನ್ ಆಯಿತು, ಬಿಲ್ಲು ಒಂದೂವರೆ ಲಕ್ಷ. ಅಂಗಡಿಯಲ್ಲಿ ಎರಡು ಲಕ್ಷದ ಗುಂಪು ಮೆಡಿಕ್ಲೈಮ್ ಇದ್ದರೆ ಬಿಲ್ಲಿನ ದೊಡ್ಡ ಪಾಲು ತೀರುತ್ತದೆ. ಐದನೇ ದಿನ ಮನೆಗೆ ಬಂದ. ಅಲ್ಲಿಗೆ ವಿಮೆ ಕಂಪನಿಯ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಅವನ ಕಷ್ಟ ಶುರುವಾಗುವುದು ಆಮೇಲೆ. ಏಣಿ ಹತ್ತಲು ಕನಿಷ್ಠ ನಾಲ್ಕು ತಿಂಗಳು ಬೇಕು, ಅಂದರೆ 72,000 ರೂಪಾಯಿ ದುಡಿಮೆ ಇಲ್ಲ. ಒಳ್ಳೆ ಮಾಲೀಕರಾದರೆ ಮೊದಲ ತಿಂಗಳು ಅರ್ಧ ಸಂಬಳ ಕೊಡುತ್ತಾರೆ, ಎರಡನೇ ತಿಂಗಳು ಒಂದಿಷ್ಟು ಅಡ್ವಾನ್ಸು. ಮೂರನೇ ತಿಂಗಳಿಗೆ ಹೆಂಡತಿಯ ಓಲೆ ಅಡಕ್ಕೆ ಹೋಗುತ್ತದೆ, ಇಲ್ಲವೇ ಮೀಟರ್ ಬಡ್ಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಎಲ್ಲರೂ ಮಾಡಿಸಬೇಕಾದದ್ದೇ. ಆದರೆ ಅದು ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಕೂಡಿಕೊಳ್ಳುವ ಮೂಳೆಗೆ ಏನೂ ಸಿಗದು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ಅದೂ ಸಂಬಳ ಕೊಡುವುದಿಲ್ಲ.

ಇದೇ ಹುಡುಗನಿಗೆ ಇಎಸ್‌ಐ ಇದ್ದಿದ್ದರೆ? ಕೆಲಸದಲ್ಲಿ ಆದ ಗಾಯಕ್ಕೆ ವೇತನದ ಶೇ 90ರಷ್ಟು ಹಣ, ವೈದ್ಯರು ಕೆಲಸಕ್ಕೆ ಹೋಗಬಹುದು ಎನ್ನುವವರೆಗೂ ಅವನ ಖಾತೆಗೆ ಬರುತ್ತದೆ. ತಿಂಗಳಿಗೆ ಸುಮಾರು 16,200, ನಾಲ್ಕು ತಿಂಗಳಿಗೆ 64,800. ಇದಕ್ಕೆ ಇಷ್ಟು ತಿಂಗಳು ಕಂತು ಕಟ್ಟಿರಬೇಕು ಎಂಬ ಷರತ್ತೂ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಬಿದ್ದರೂ ಹಕ್ಕು ಇದೆ. ಬೆಳಿಗ್ಗೆ ಮನೆಯಿಂದ ಕೆಲಸಕ್ಕೆ ಬರುವಾಗ ರಸ್ತೆಯಲ್ಲಿ ಆದ ಅಪಘಾತವನ್ನೂ, ಕೆಲಸಕ್ಕೂ ಅದಕ್ಕೂ ಸಂಬಂಧವಿದ್ದರೆ, ಕೆಲಸದ ಗಾಯವೆಂದೇ ಎಣಿಸುತ್ತಾರೆ. ಸತ್ತರೆ ಅವಲಂಬಿತರಿಗೆ ಪಿಂಚಣಿಯಂತೆ ತಿಂಗಳು ತಿಂಗಳು ಹಣ. ಕಾಯಿಲೆ ಬಿದ್ದರೆ ವೇತನದ ಶೇ 70, ವರ್ಷಕ್ಕೆ 91 ದಿನಗಳವರೆಗೆ. ಚಿಕಿತ್ಸೆ ಅವನಿಗಷ್ಟೇ ಅಲ್ಲ, ಹೆಂಡತಿ ಮಕ್ಕಳಿಗೆ, ಅವಲಂಬಿತ ತಂದೆತಾಯಿಗೂ. ಖರ್ಚಿಗೆ ಇಂತಿಷ್ಟೇ ಎಂಬ ಮೇಲ್ಮಿತಿ ಇಲ್ಲ. ಊರಿನಲ್ಲಿರುವ ಅಮ್ಮನಿಗೆ ಮಧುಮೇಹ, ಹುಡುಗ ದುಡಿಯುವುದು ಬೆಂಗಳೂರಿನಲ್ಲಿ ಎಂದಾದರೆ ಅಮ್ಮ ಕಲಬುರಗಿಯ ಇಎಸ್‌ಐಸಿ ಆಸ್ಪತ್ರೆಗೆ ಹೋಗಬಹುದು. ಗುಂಪು ಪಾಲಿಸಿಗೆ ತಂದೆತಾಯಿಯನ್ನು ಸೇರಿಸಿ ನೋಡಿ, ಪ್ರೀಮಿಯಂ ಎಷ್ಟು ಏರುತ್ತದೆ ಎಂದು ಏಜೆಂಟರೇ ಹೇಳುತ್ತಾರೆ.

ಇಷ್ಟಕ್ಕೆ ಮಾಲೀಕರು ಕಟ್ಟುವುದು ವೇತನದ ಶೇ 3.25, ಕೆಲಸಗಾರ ಶೇ 0.75. 2019ರ ಜುಲೈಗೆ ಮೊದಲು ಇದು ಶೇ 4.75 ಮತ್ತು 1.75 ಇತ್ತು, ದರ ಇಳಿದು ಇಷ್ಟು ವರ್ಷವಾದರೂ ಹಳೆಯ ದರವನ್ನೇ ನೆನಪಿಟ್ಟುಕೊಂಡು ಭಾರ ಎನ್ನುವವರು ಬಹಳ. 18,000ಕ್ಕೆ ಮಾಲೀಕರ ಪಾಲು 585 ರೂಪಾಯಿ, ಹುಡುಗನ ಪಾಲು 135. ಹನ್ನೆರಡು ಜನರಿರುವ ಅಂಗಡಿಗೆ ತಿಂಗಳಿಗೆ 7,020, ವರ್ಷಕ್ಕೆ 84,240.

ಹಾಗಿದ್ದರೆ ಒಂಬತ್ತಕ್ಕೇ ನಿಲ್ಲುವುದೇಕೆ? ದುಡ್ಡಿಗಿಂತ ದೊಡ್ಡದು ಅಂಜಿಕೆ. ಒಮ್ಮೆ ಒಳಗೆ ಹೋದರೆ ಹೊರಗೆ ಬರಲಾಗದು ಎನ್ನುವುದು ನಿಜವೇ. ಆಮೇಲೆ ಜನ ಆರಕ್ಕೆ ಇಳಿದರೂ ಸಂಸ್ಥೆ ಯೋಜನೆಯೊಳಗೇ ಉಳಿಯುತ್ತದೆ. ಪ್ರತಿ ತಿಂಗಳು 15ರೊಳಗೆ ಹಿಂದಿನ ತಿಂಗಳ ಚಲನ್ ಕಟ್ಟಬೇಕು, ಇಲ್ಲವಾದರೆ ಬಡ್ಡಿ, ದಂಡ. ತಪಾಸಣೆ ಬರುತ್ತದೆ, ಹಿಂದಿನ ವರ್ಷಗಳ ಪುಸ್ತಕ ಕೇಳುತ್ತಾರೆ ಎಂಬ ಭಯ. ಈ ಭಯ ಕಡಿಮೆ ಮಾಡಲೆಂದೇ ಇಎಸ್‌ಐ ನಿಗಮ 2025ರ ಜುಲೈ 1ರಿಂದ 'ಸ್ಪ್ರೀ' ಎಂಬ ಯೋಜನೆ ತಂದು, ಆ ಅವಧಿಯಲ್ಲಿ ತಾವಾಗಿ ನೋಂದಾಯಿಸಿಕೊಂಡವರ ಹಳೆಯ ಬಾಕಿ ಕೆದಕುವುದಿಲ್ಲ ಎಂದಿತ್ತು. ಸಣ್ಣ ಎಸಿ ಅಂಗಡಿ, ಪ್ಲಂಬಿಂಗ್ ಗುತ್ತಿಗೆದಾರರ ಮಟ್ಟಕ್ಕೆ ಆ ಸುದ್ದಿ ತಲುಪಿಸಲು ಇನ್ನಷ್ಟು ಓಡಾಡಬೇಕಿತ್ತು. ಈ ವರ್ಗದ ಮಾಲೀಕರು ಸರ್ಕಾರಿ ವೆಬ್‌ಸೈಟ್ ನೋಡುವವರಲ್ಲ. ಅವರು ಸೇರುವುದು ಕಾಪರ್ ಪೈಪ್, ಗ್ಯಾಸ್ ಸಿಲಿಂಡರ್ ಮಾರುವ ಅಂಗಡಿಯ ಮುಂದೆ. ಅಲ್ಲೊಂದು ಪೋಸ್ಟರ್ ಅಂಟಿಸಿದ್ದರೆ ಸಾಕಿತ್ತು.

ಒಂಬತ್ತರ ಲೆಕ್ಕ ಇನ್ನೊಂದು ಕಾರಣಕ್ಕೂ ಟೊಳ್ಳು. ಹತ್ತು ಎಂದರೆ ಹಾಜರಿ ಪುಸ್ತಕದಲ್ಲಿರುವ ಹತ್ತಲ್ಲ. ದಿನಗೂಲಿಯವನು, ಕೈಗೆ ಕೂಲಿ ಪಡೆಯುವವನು, ಗುತ್ತಿಗೆಯ ಮೇಲೆ ಕರೆಸಿದವನು, ಕೌಂಟರಿನಲ್ಲಿ ಕೂತು ಫೋನು ತೆಗೆಯುವ ಹುಡುಗಿ, ಎಲ್ಲರೂ ಎಣಿಕೆಗೆ ಬರುತ್ತಾರೆ. ಹೆಂಡತಿಯ ಹೆಸರಿನಲ್ಲಿ ಇನ್ನೊಂದು ಫರ್ಮ್ ಮಾಡಿ ಐದೈದು ಜನರನ್ನು ಹಂಚುವ ಉಪಾಯವೂ ಉಂಟು. ಅದೇ ಗೋದಾಮು, ಅದೇ ಫೋನು, ಅದೇ ಹುಡುಗರು ಎಂದಾದರೆ ಎರಡನ್ನೂ ಒಂದೇ ಸಂಸ್ಥೆ ಎಂದು ಪರಿಗಣಿಸಲು ನಿಗಮಕ್ಕೆ ಅವಕಾಶವಿದೆ.

ಇದಕ್ಕಿಂತ ಮುಖ್ಯವಾದದ್ದು, ಬಹುಪಾಲು ಮಾಲೀಕರಿಗೆ ಯಾರೂ ಹೇಳದೆ ಉಳಿದದ್ದು: ಒಂಬತ್ತಕ್ಕೆ ನಿಂತರೆ ತಪ್ಪುವುದು ವಿಮೆ ಮಾತ್ರ, ಹೊಣೆ ತಪ್ಪುವುದಿಲ್ಲ. ಇಎಸ್‌ಐ ಇಲ್ಲದ ಕಡೆ 1923ರ ನೌಕರರ ಪರಿಹಾರ ಕಾಯ್ದೆಯ ನಿಯಮಗಳು ಅನ್ವಯಿಸುತ್ತವೆ. ಈಗ ಅವು ಹೊಸ ಸಂಹಿತೆಯೊಳಗೆ ಸೇರಿವೆ. ಅದರಂತೆ ಕೆಲಸದಲ್ಲಿ ಗಾಯಗೊಂಡವನ ಆಸ್ಪತ್ರೆ ಖರ್ಚು ಮಾಲೀಕರದ್ದು. ಕೆಲಸಕ್ಕೆ ಬರಲಾಗದ ಅವಧಿಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ವೇತನದ ಕಾಲು ಭಾಗ, ಅಂದರೆ ತಿಂಗಳಿಗೆ ಅರ್ಧ ಸಂಬಳ. ಸತ್ತರೆ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಮೂವತ್ತು ವರ್ಷದವನಿಗೆ ಆ ಗುಣಕ 207.98. 2020ರ ಜನವರಿಯಲ್ಲಿ ಈ ಲೆಕ್ಕಕ್ಕೆ ಗೊತ್ತುಪಡಿಸಿದ ಗರಿಷ್ಠ ವೇತನ 15,000ವನ್ನು ಹಿಡಿದರೆ ಮೊತ್ತ 15,59,850 ರೂಪಾಯಿ. ಇದನ್ನು ಕೊಡಬೇಕಾದವರು ಒಂಬತ್ತು ಜನರ ಅಂಗಡಿಯ ಮಾಲೀಕರು, ತಮ್ಮ ಸ್ವಂತ ಕಿಸೆಯಿಂದ. ಇಎಸ್‌ಐ ಇದ್ದರೆ ಈ ಹೊಣೆ ಪೂರ್ತಿಯಾಗಿ ನಿಗಮದ ಮೇಲೆ ಹೋಗುತ್ತದೆ. ಅದೇ ಗಾಯಕ್ಕೆ ಮಾಲೀಕರ ಮೇಲೆ ಮತ್ತೆ ಪರಿಹಾರ ಕೇಳುವಂತಿಲ್ಲ. ವರ್ಷಕ್ಕೆ ಎಂಬತ್ತು ಸಾವಿರ ಉಳಿಸಲು ಹೋಗಿ ಹದಿನೈದು ಲಕ್ಷದ ಹೊಣೆಯನ್ನು ತಲೆಯ ಮೇಲೆ ಇಟ್ಟುಕೊಂಡು ಪ್ರತಿದಿನ ಹುಡುಗರನ್ನು ಸಜ್ಜಾದ ಮೇಲೆ ಹತ್ತಿಸುವುದು ವ್ಯಾಪಾರದ ದೃಷ್ಟಿಯಿಂದಲೂ ಸರಿಯಾದ ಲೆಕ್ಕವಲ್ಲ.

ನಿಜಕ್ಕೂ ಒಂಬತ್ತೋ, ಐದೋ, ನಾಲ್ಕೋ ಜನರಿರುವ ಅಂಗಡಿಗಳಿಗೆ ಸಂಹಿತೆ ಒಂದು ಬಾಗಿಲು ತೆರೆದಿದೆ. ಮಾಲೀಕರೂ ನೌಕರರಲ್ಲಿ ಹೆಚ್ಚಿನವರೂ ಒಪ್ಪಿದರೆ ಹತ್ತಕ್ಕಿಂತ ಕಡಿಮೆ ಜನರಿದ್ದರೂ ಇಎಸ್‌ಐಗೆ ಸೇರಬಹುದು. ಜತೆಗೆ, ಜೀವಕ್ಕೆ ಅಪಾಯವಿರುವ ಕಸುಬು ಎಂದು ಕೇಂದ್ರ ಸರ್ಕಾರ ಅಧಿಸೂಚಿಸಿದರೆ ಒಬ್ಬನೇ ನೌಕರ ಇದ್ದರೂ ಅದು ಕಡ್ಡಾಯವಾಗುತ್ತದೆ. ಎತ್ತರದಲ್ಲಿ ಎಸಿ ಅಳವಡಿಸುವ ಕೆಲಸ, ಸಂಪು, ಚೇಂಬರ್‌ಗಳಲ್ಲಿ ಇಳಿಯುವ ಕೆಲಸ ಆ ಪಟ್ಟಿಯಲ್ಲಿ ಇರಲೇಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಪಟ್ಟಿ ಮಾಡುವವರು ಕಾರ್ಖಾನೆಯ ಬಾಯ್ಲರ್, ರಾಸಾಯನಿಕಗಳನ್ನಷ್ಟೇ ನೋಡಿ ನಿಲ್ಲಿಸಿದರೆ ನಮ್ಮ ಮನೆಗಳ ಗೋಡೆಗೆ ಅಂಟಿಕೊಂಡು ಕೆಲಸ ಮಾಡುವವರು ಮತ್ತೆ ಹೊರಗೇ ಉಳಿಯುತ್ತಾರೆ.

ಇಎಸ್‌ಐ ಬಗ್ಗೆ ಕೆಲಸಗಾರರೇ ಮೂಗು ಮುರಿಯುತ್ತಾರೆ ಎನ್ನುವುದನ್ನು ಮುಚ್ಚಿಡುವುದು ಬೇಡ. "ಅಣ್ಣಾ, ಅಲ್ಲಿ ಕ್ಯೂ ನಿಂತ್ರೆ ಒಂದು ದಿನದ ಕೆಲಸ ಹೋಗುತ್ತೆ, ಆ ದುಡ್ಡು ಕೈಗೇ ಕೊಟ್ಬಿಡಿ" ಎನ್ನುವ ಮಾತನ್ನು ಈ ಕಸುಬಿನ ಎಲ್ಲ ಮಾಲೀಕರೂ ಕೇಳಿರುತ್ತಾರೆ. ದೂರಿನಲ್ಲಿ ಹುರುಳಿದೆ. ಬೆಂಗಳೂರಿನಲ್ಲಿ ರಾಜಾಜಿನಗರ, ಇಂದಿರಾನಗರ, ಪೀಣ್ಯದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ, ಬಡಾವಣೆಗಳಲ್ಲಿ ಡಿಸ್ಪೆನ್ಸರಿಗಳಿವೆ. ಆದರೆ ನಗರ ಬೆಳೆದದ್ದು ವೈಟ್‌ಫೀಲ್ಡ್, ಸರ್ಜಾಪುರ, ಯಲಹಂಕದ ಆಚೆಗೆ. ಹುಡುಗರು ಬಾಡಿಗೆಗೆ ಇರುವುದೂ ಅಲ್ಲೇ. ಜ್ವರಕ್ಕೆ ಮಾತ್ರೆ ತರಲು ಅರ್ಧ ದಿನ, ಅಲ್ಲಿ ಹೋದರೆ ಸರ್ವರ್ ಡೌನ್, ಔಷಧಿ ಹೊರಗೆ ಬರೆದುಕೊಡುತ್ತಾರೆ ಎಂಬ ದೂರುಗಳು ಹೊಸವಲ್ಲ. ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ, ಆದರೆ ಆ ರೆಫರಲ್ ಪತ್ರ ಕೈಗೆ ಸಿಗುವವರೆಗೆ ಅಲೆದಾಟ. ಮಾಲೀಕರು ಮೆಡಿಕ್ಲೈಮ್ ಕಾರ್ಡನ್ನು ಇಷ್ಟಪಡುವುದಕ್ಕೂ ಇದೇ ಕಾರಣ: ಹತ್ತಿರದ ನರ್ಸಿಂಗ್ ಹೋಮ್, ಗೊತ್ತಿರುವ ಡಾಕ್ಟರು, ಫೋನು ಮಾಡಿದರೆ ಬರುವ ಏಜೆಂಟು.

ಆದರೂ ಕಾಲು ಮುರಿದ ದಿನ ಬೇಕಾಗುವುದು ಜ್ವರದ ದಿನ ಬೇಕಾದದ್ದಲ್ಲ. ಜ್ವರಕ್ಕೆ ಮೂಲೆಯ ಕ್ಲಿನಿಕ್ಕಿನಲ್ಲಿ ಮುನ್ನೂರು ರೂಪಾಯಿ ಕೊಟ್ಟು ಬರಬಹುದು. ನಾಲ್ಕು ತಿಂಗಳ ಸಂಬಳವನ್ನು ಯಾವ ಕ್ಲಿನಿಕ್ಕೂ ಕೊಡದು.

ಆ ದಿನ ಅದು ಸಿಗಬೇಕಾದರೆ ಕಾಗದಪತ್ರ ಮೊದಲೇ ಸರಿಯಾಗಿರಬೇಕು. ಹುಡುಗನ ಆಧಾರ್‌ನಲ್ಲಿರುವ ಹೆಸರು ಮತ್ತು ಇಎಸ್‌ಐ ನೋಂದಣಿಯ ಹೆಸರು ಒಂದೇ ಆಗಿರಬೇಕು. ಉತ್ತರ ಕರ್ನಾಟಕದಿಂದಲೋ ಒಡಿಶಾ, ಬಿಹಾರದಿಂದಲೋ ಬಂದವರ ಹೆಸರುಗಳು ಇಲ್ಲಿ ಬರೆಯುವಾಗ ಏರುಪೇರಾಗುತ್ತವೆ. ಒಂದು ಅಕ್ಷರದ ವ್ಯತ್ಯಾಸಕ್ಕೆ ಹಣ ನಿಲ್ಲುತ್ತದೆ. ಮನೆಯವರ ಹೆಸರುಗಳನ್ನು ಸೇರಿಸಿರಬೇಕು. ಅಪಘಾತವಾದ ಕೂಡಲೇ ಮಾಲೀಕರು ಫಾರಂ 12ರಲ್ಲಿ ವರದಿ ಕೊಡಬೇಕು: ಎಷ್ಟು ಹೊತ್ತಿಗೆ, ಯಾವ ವಿಳಾಸದಲ್ಲಿ, ಏನು ಮಾಡುವಾಗ ಬಿದ್ದ, ನೋಡಿದವರು ಯಾರು. ಗ್ರಾಹಕರ ಮನೆಯಲ್ಲಿ ಬಿದ್ದದ್ದರಿಂದ ವಿಳಾಸ ಬರೆಯಲು ಸಂಕೋಚಪಟ್ಟು ಗೋದಾಮಿನಲ್ಲಿ ಬಿದ್ದ ಎಂದು ಬರೆಸುವುದುಂಟು. ಹಾಗೆ ಮಾಡಬಾರದು, ಆಸ್ಪತ್ರೆಯ ದಾಖಲೆಗೂ ಈ ವರದಿಗೂ ಹೊಂದದಿದ್ದರೆ ನಷ್ಟ ಹುಡುಗನಿಗೇ. ಇನ್ನು ಬಿದ್ದ ಮೇಲೆ ಓಡಿಹೋಗಿ ಹೆಸರು ನೋಂದಾಯಿಸುವುದು ಉಪಯೋಗಕ್ಕೆ ಬಾರದ ಜಾಣತನ. ನಿಗಮ ಕೆಲಸಗಾರನಿಗೆ ಹಣ ಕೊಟ್ಟು ಅದನ್ನು ಮಾಲೀಕರಿಂದ ವಸೂಲಿ ಮಾಡಬಹುದು.

ಎಸಿ ಕಸುಬಿಗೇ ಹೊಂದದ ಒಂದು ನಿಯಮ ಇಎಸ್‌ಐನಲ್ಲಿದೆ, ಅದನ್ನು ಯಾರೂ ಎತ್ತುತ್ತಿಲ್ಲ. ಕಾಯಿಲೆಯ ಭತ್ಯೆ ಸಿಗಬೇಕಾದರೆ ಆರು ತಿಂಗಳ ಒಂದು ಕಂತಿನ ಅವಧಿಯಲ್ಲಿ 78 ದಿನಗಳ ವಂತಿಗೆ ಇರಬೇಕು. ಅವಧಿಗಳು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಬೇಸಿಗೆಗೆಂದು ಬರುವ ಹುಡುಗ ಫೆಬ್ರವರಿಯಿಂದ ಮೇ ಕೊನೆಯವರೆಗೆ ದುಡಿಯುತ್ತಾನೆ. ತಿಂಗಳಿಗೆ 26 ದಿನದಂತೆ ಮೊದಲ ಅವಧಿಯಲ್ಲಿ 52 ದಿನ, ಎರಡನೆಯದರಲ್ಲಿ 52 ದಿನ. ಒಟ್ಟು 104 ದಿನ ವಂತಿಗೆ ಕಟ್ಟಿದರೂ ಯಾವ ಅವಧಿಯಲ್ಲೂ 78 ತುಂಬುವುದಿಲ್ಲ. ಮೊದಲ ಬಾರಿ ಸೇರುವವರಿಗೆ ಸ್ವಲ್ಪ ಸಡಿಲಿಕೆ ಇದೆ. ಪ್ರತಿ ಬೇಸಿಗೆ ಬಂದು ಹೋಗುವವನಿಗೆ ಇಲ್ಲ. ಬೇಸಿಗೆಯ ದುಡಿಮೆ ಮಾರ್ಚ್ 31ರಂದು ಎರಡು ತುಂಡಾಗುತ್ತದೆ ಎನ್ನುವ ಒಂದೇ ಕಾರಣಕ್ಕೆ ಅವನಿಗೆ ಕಾಯಿಲೆಯ ಹಣ ತಪ್ಪುತ್ತದೆ. ಸತತ ನಾಲ್ಕು ತಿಂಗಳ ದುಡಿಮೆಯನ್ನು ಒಟ್ಟಿಗೆ ಎಣಿಸಲು ನಿಯಮ ತಿದ್ದಿದರೆ ನಿಗಮಕ್ಕೆ ಆಗುವ ಹೊರೆ ದೊಡ್ಡದೇನಲ್ಲ. ಕೆಲಸದ ಗಾಯಕ್ಕೆ ಮಾತ್ರ ಈ 78ರ ಕಟ್ಟಳೆ ಇಲ್ಲ ಎನ್ನುವುದೇ ಸಮಾಧಾನ.

ಬೇಸಿಗೆಯ ಓವರ್‌ಟೈಮ್ ಬಗ್ಗೆ ಒಂದು ತಪ್ಪು ತಿಳಿವಳಿಕೆಯೂ ಇದೆ. ಏಪ್ರಿಲ್‌ನಲ್ಲಿ ಓವರ್‌ಟೈಮ್ ಸೇರಿ ಇಪ್ಪತ್ತೈದು ಸಾವಿರ ಆಯಿತು, ಆದ್ದರಿಂದ ಇವನಿಗೆ ಇಎಸ್‌ಐ ಇಲ್ಲ ಎಂದು ಹೆಸರು ತೆಗೆಯುತ್ತಾರೆ. ಇಎಸ್‌ಐಗೆ ಸೇರಲು ಇರುವ ವೇತನ ಮಿತಿಯ ಲೆಕ್ಕಕ್ಕೆ ಓವರ್‌ಟೈಮ್ ಸೇರುವುದಿಲ್ಲ. ಅವಧಿಯ ನಡುವೆ ಸಂಬಳವೇ ಏರಿ ಮಿತಿ ದಾಟಿದರೂ ಆ ಅವಧಿ ಮುಗಿಯುವವರೆಗೆ ಅವನು ಒಳಗೇ ಇರುತ್ತಾನೆ.

ಆ ಮಿತಿಯೇ ದೊಡ್ಡ ಸಮಸ್ಯೆ. 21,000 ರೂಪಾಯಿ; 2017ರ ಜನವರಿಯಲ್ಲಿ ನಿಗದಿಯಾದದ್ದು. ಅಂದಿನಿಂದ ಬಾಡಿಗೆ, ಪೆಟ್ರೋಲು, ಕೂಲಿ ಎಲ್ಲ ಏರಿದರೂ ಮಿತಿ ಅಲ್ಲಿಂದ ಕದಲಿಲ್ಲ. ಬೆಂಗಳೂರಿನಲ್ಲಿ ಒಂದೇ ಹೊರ ಯೂನಿಟ್ಟಿನಿಂದ ಹಲವು ಕೋಣೆಗಳನ್ನು ತಂಪಾಗಿಸುವ ವಿಆರ್‌ಎಫ್ ವ್ಯವಸ್ಥೆ ಬಲ್ಲ, ಎಸಿಯ ಸರ್ಕ್ಯೂಟ್ ಬೋರ್ಡ್ ರಿಪೇರಿ ಮಾಡಬಲ್ಲ ಮೆಕ್ಯಾನಿಕ್ ಅದನ್ನು ಸುಲಭವಾಗಿ ದಾಟುತ್ತಾನೆ. ಹೀಗಾಗಿ ಅಂಗಡಿಯಲ್ಲಿ ಹೆಲ್ಪರ್‌ಗೆ ರಕ್ಷಣೆ ಇರುತ್ತದೆ, ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿಗೆ ಇರುವುದಿಲ್ಲ. ಇಬ್ಬರೂ ಹತ್ತುವುದು ಒಂದೇ ಏಣಿ. ಹೊಸ ಸಂಹಿತೆಯ ವೇತನ ವ್ಯಾಖ್ಯಾನದಲ್ಲಿ ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆಯಂಥವು, ಒಟ್ಟು ಸಂಬಳದ ಅರ್ಧ ಮೀರದಿದ್ದರೆ, ವೇತನದ ಲೆಕ್ಕದಿಂದ ಹೊರಗುಳಿಯುತ್ತವೆ. ಕೈಗೆ ಇಪ್ಪತ್ತೈದು ಸಾವಿರ ಪಡೆಯುವ ಕೆಲವರು ಇದರಿಂದ ಮಿತಿಯೊಳಗೆ ಬರಬಹುದು. ಸಂಬಳವನ್ನು ಒಂದೇ ಮೊತ್ತವಾಗಿ ಕೊಡುವ ಸಣ್ಣ ಅಂಗಡಿಗಳಿಗೆ ಇದರ ಲಾಭ ಸಿಗಬೇಕಾದರೆ ಸಂಬಳ ಚೀಟಿಯನ್ನು ಸರಿಯಾಗಿ ಬರೆಯಲು ಕಲಿಯಬೇಕು.

ಮಿತಿ ದಾಟಿದ ಮೇಸ್ತ್ರಿಗೆ ಗುಂಪು ಮೆಡಿಕ್ಲೈಮ್ ಸರಿಯಾದ ದಾರಿ, ಜತೆಗೆ ಅಪಘಾತ ವಿಮೆ ಇದ್ದರೆ ಮಾತ್ರ. ಅಪಘಾತ ವಿಮೆಗಳಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡಲಾಗದ ವಾರಗಳಿಗೆ ಹಣ ಕೊಡುವ ಆಯ್ಕೆ ಇರುತ್ತದೆ. 2021ರಲ್ಲಿ ಬಂದ 'ಸರಳ ಸುರಕ್ಷಾ ಬಿಮಾ' ಎಂಬ ಅಪಘಾತ ಪಾಲಿಸಿಯಲ್ಲೂ ಅದು ಇದೆ, ಆದರೆ ಐಚ್ಛಿಕ. ಪ್ರೀಮಿಯಂ ಕಡಿಮೆ ತೋರಿಸಲು ಆ ಆಯ್ಕೆಯನ್ನು ಬಿಟ್ಟು ಪಾಲಿಸಿ ಮಾಡಿಕೊಟ್ಟರೆ ಈ ಕಸುಬಿನವರಿಗೆ ಬೇಕಾದದ್ದೇ ಅದರಲ್ಲಿ ಇಲ್ಲದಂತಾಗುತ್ತದೆ.

ಗುಂಪು ಪಾಲಿಸಿಗೆ ಅನೇಕ ಕಂಪನಿಗಳು ಕನಿಷ್ಠ ಏಳು ಜನ ಕೇಳುತ್ತವೆ. ಅದರ ದೊಡ್ಡ ಗುಣವೆಂದರೆ ಮೊದಲೇ ಇದ್ದ ಕಾಯಿಲೆಗಳಿಗೆ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ. ವೈಯಕ್ತಿಕ ಪಾಲಿಸಿಯಲ್ಲಿ ಅದಕ್ಕೆ 36 ತಿಂಗಳವರೆಗೂ ಕಾಯಬೇಕಾಗಬಹುದು. ಸಕ್ಕರೆ ಕಾಯಿಲೆ ಇರುವ ನಲವತ್ತೈದರ ಪ್ಲಂಬರ್‌ಗೆ ಈ ವ್ಯತ್ಯಾಸ ಬಹಳ ದೊಡ್ಡದು. ಅಡಗಿರುವ ಪೆಟ್ಟು ಕೋಣೆಯ ಬಾಡಿಗೆಯಲ್ಲಿ. ಎರಡು ಲಕ್ಷದ ಪಾಲಿಸಿಯಲ್ಲಿ ಬಾಡಿಗೆಯ ಮಿತಿ ದಿನಕ್ಕೆ ಶೇ 1 ಎಂದರೆ 2,000. ಆಸ್ಪತ್ರೆಯ ಕೋಣೆ 4,000ದ್ದಾದರೆ ಕಳೆಯುವುದು ಕೋಣೆಯ ಬಾಡಿಗೆಯನ್ನಷ್ಟೇ ಅಲ್ಲ. ಡಾಕ್ಟರ ಶುಲ್ಕ, ಆಪರೇಷನ್ ಥಿಯೇಟರಿನ ಶುಲ್ಕವನ್ನೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಸುತ್ತಾರೆ. ಔಷಧಿ, ಪರೀಕ್ಷೆಗಳು, ಕಾಲಿಗೆ ಹಾಕಿದ ಪ್ಲೇಟುಗಳ ಬೆಲೆಗೆ ಹಾಗೆ ಕತ್ತರಿ ಹಾಕುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲೇ ಹೇಳಿದೆ, ಹಾಕಿದ್ದರೆ ಪ್ರಶ್ನಿಸಿ. ಆದ್ದರಿಂದ ಪಾಲಿಸಿ ಕೊಟ್ಟ ದಿನವೇ ಹುಡುಗರನ್ನು ಕೂರಿಸಿಕೊಂಡು "ನಿಮ್ಮ ಮಿತಿ ಎರಡು ಸಾವಿರ, ಜನರಲ್ ವಾರ್ಡ್ ಇಲ್ಲವೇ ಟ್ವಿನ್ ಶೇರಿಂಗ್ ಕೇಳಿ" ಎಂದು ಹೇಳಬೇಕು. ಇಷ್ಟು ಹೇಳುವ ಮಾಲೀಕರು ಅಪರೂಪ. ಕಾರ್ಡು ವಾಟ್ಸ್ಯಾಪಿನಲ್ಲಿ ಬರುತ್ತದೆ, ಅಲ್ಲೇ ಕಳೆದುಹೋಗುತ್ತದೆ.

ತೆರಿಗೆಯ ವಿಷಯದಲ್ಲಿ ಸಣ್ಣವರಿಗೆ ಅನ್ಯಾಯವೇ ಆಗಿದೆ. ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿ ಈಗ ಸೊನ್ನೆ, ಗುಂಪು ಪಾಲಿಸಿಗೆ ಶೇ 18 ಮುಂದುವರಿದಿದೆ. ತಲೆಗೆ 5,000 ಪ್ರೀಮಿಯಂ ಎಂದುಕೊಂಡರೆ ಮೇಲೆ 900. ಕಾನೂನು ಕಡ್ಡಾಯ ಮಾಡಿದ್ದಲ್ಲದಿದ್ದರೆ ಈ 900ನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂದಕ್ಕೆ ಪಡೆಯಲೂ ಬರುವುದಿಲ್ಲ. ಹಾಗೆಂದು ಎಲ್ಲರಿಗೂ ಬೇರೆ ಬೇರೆ ವೈಯಕ್ತಿಕ ಪಾಲಿಸಿ ಮಾಡಿಸಿ ಹಣ ಕೊಟ್ಟರೆ ಹಳೆ ಕಾಯಿಲೆಗೆ ಕಾಯುವ ಅವಧಿ ಅಡ್ಡ ಬರುತ್ತದೆ. ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಅದೇ ಒಳ್ಳೆಯದು, ಏಕೆಂದರೆ ಈ ಕಸುಬಿನಲ್ಲಿ ಅಂಗಡಿ ಬದಲಾಯಿಸುವುದು ಸಾಮಾನ್ಯ, ವೈಯಕ್ತಿಕ ಪಾಲಿಸಿ ಅವರ ಜತೆಗೇ ಹೋಗುತ್ತದೆ. ಗುಂಪು ಪಾಲಿಸಿಯಾದರೆ ಕೆಲಸ ಬಿಟ್ಟಾಗ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಅವಕಾಶ ಉಂಟು. ಅದನ್ನು ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ. ಪ್ರೀಮಿಯಂ ಯಾವುದೇ ಇರಲಿ, ನಗದಾಗಿ ಕಟ್ಟಬೇಡಿ. ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲಾಗದು.

ಮಾಲೀಕರದೇ ಒಂದು ಪಾಡು ಇದೆ. ನಾಲ್ಕೈದು ಜನರ ಅಂಗಡಿಯಲ್ಲಿ ಮಾಲೀಕರೂ ಟೂಲ್ ಬ್ಯಾಗ್ ಹಿಡಿದವರೇ. ಸ್ವಂತ ಹೆಸರಿನ ಸಂಸ್ಥೆಯಾದರೆ ಅವರು ನೌಕರರಲ್ಲ, ಇಎಸ್‌ಐಗೆ ಸೇರುವಂತಿಲ್ಲ. ಹುಡುಗರಿಗೆ ಏನು ಬೇಕೆಂದು ಯೋಚಿಸುವಾಗ ತಮ್ಮನ್ನೇ ಮರೆತುಬಿಡುತ್ತಾರೆ. ಜಿಎಸ್‌ಟಿ ಇಲ್ಲದ ವೈಯಕ್ತಿಕ ಆರೋಗ್ಯ ಪಾಲಿಸಿ, ವಾರದ ಹಣವಿರುವ ಅಪಘಾತ ವಿಮೆ ಎರಡೂ ಮೊದಲು ಅವರಿಗೇ ಬೇಕು. ಹಳ್ಳಿಯಲ್ಲಿ ಸಹಕಾರ ಸಂಘದ ಸದಸ್ಯತ್ವ ಇದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯೂ ಇದೆ. ಕಟ್ಟಡ ಕೆಲಸದಲ್ಲಿ ವರ್ಷಕ್ಕೆ 90 ದಿನ ದುಡಿಯುವ ಪ್ಲಂಬರ್‌ಗಳು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡರೆ ಅಲ್ಲಿನ ವೈದ್ಯಕೀಯ, ಅಪಘಾತ ನೆರವಿಗೂ ಹಕ್ಕುಳ್ಳವರು. ಆ್ಯಪ್ ಮೂಲಕ ಕೆಲಸ ಪಡೆಯುವವರಿಗೆ ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆಯಡಿ ಬೇರೆಯೇ ಮಂಡಳಿ ಬಂದಿದೆ. ಅದು ಹೇಗೆ ನಡೆಯುತ್ತದೆ ಎಂಬುದು ಇನ್ನೊಂದು ಲೇಖನದ ವಿಷಯ.

ಕೊನೆಗೆ ಈ ಹಣ ಯಾರು ಕೊಡಬೇಕು ಎನ್ನುವುದು ಉಳಿಯುತ್ತದೆ. ಒಂದು ಜೋಡಿ, ಅಂದರೆ ಮೆಕ್ಯಾನಿಕ್ ಮತ್ತು ಹೆಲ್ಪರ್, ದಿನಕ್ಕೆ ಮೂರು ಮನೆ ಮುಗಿಸಿದರೆ ತಿಂಗಳಿಗೆ 78 ಕಾಲ್. ಇಬ್ಬರಿಗೂ 18,000 ಎಂದೇ ಹಿಡಿದರೂ ಇಬ್ಬರ ಇಎಸ್‌ಐಗೆ ಮಾಲೀಕರ ಪಾಲು 1,170. ಒಂದು ಕಾಲ್‌ಗೆ ಹದಿನೈದು ರೂಪಾಯಿ. ಗ್ಯಾಸ್ ಚಾರ್ಜಿಂಗಿಗೆ ಸಾವಿರಗಟ್ಟಲೆ ಕೊಡುವ ಗ್ರಾಹಕರು ಈ ಹದಿನೈದಕ್ಕೆ ತಕರಾರು ಮಾಡುವುದಿಲ್ಲ. ತಕರಾರು ಬರುವುದು ವರ್ಷದ ನಿರ್ವಹಣೆಯ ಗುತ್ತಿಗೆ, ಅಂದರೆ ಎಎಂಸಿ ಕೊಡುವಾಗ. ಅಪಾರ್ಟ್‌ಮೆಂಟ್ ಸಂಘಗಳು ಮೂರು ಕೊಟೇಷನ್ ತರಿಸಿ ಕಡಿಮೆಯದನ್ನು ಆರಿಸುತ್ತವೆ. ಇಎಸ್‌ಐ ಕಟ್ಟುವವರು ಅಷ್ಟರಲ್ಲೇ ಸೋಲುತ್ತಾರೆ. ದೊಡ್ಡ ಐಟಿ ಕಂಪನಿಗಳು ಬಿಲ್ಲಿನ ಜತೆ ಆ ತಿಂಗಳ ಇಎಸ್‌ಐ ಚಲನ್ ಇಲ್ಲದಿದ್ದರೆ ಹಣ ಬಿಡುಗಡೆ ಮಾಡುವುದಿಲ್ಲ, ಏಕೆಂದರೆ ಗುತ್ತಿಗೆದಾರ ಕಟ್ಟದಿದ್ದರೆ ಪ್ರಧಾನ ಉದ್ಯೋಗದಾತರಾಗಿ ತಾವೇ ಕಟ್ಟಬೇಕಾಗುತ್ತದೆ ಎಂದು ಅವಕ್ಕೆ ಗೊತ್ತು. ಅನೇಕ ಸಣ್ಣ ಎಸಿ ಸಂಸ್ಥೆಗಳು ಇಎಸ್‌ಐ ಕೋಡ್ ಪಡೆದದ್ದೇ ಇಂಥ ಒಂದು ಗುತ್ತಿಗೆಗಾಗಿ.

ಅಪಾರ್ಟ್‌ಮೆಂಟ್ ಸಂಘಗಳೂ ಇದನ್ನು ಮಾಡಬಹುದು, ಅದಕ್ಕೆ ಹೊಸ ಕಾನೂನು ಬೇಕಿಲ್ಲ. ಕೊಟೇಷನ್ ಕೇಳುವಾಗಲೇ ಎರಡು ಸಾಲು ಸೇರಿಸಿದರೆ ಸಾಕು: ನಮ್ಮ ಕಟ್ಟಡಕ್ಕೆ ಬರುವವರ ಹೆಸರು ಮತ್ತು ಇಎಸ್‌ಐ ಸಂಖ್ಯೆ ಕೊಡಿ, ಮಿತಿ ದಾಟಿದವರಿದ್ದರೆ ಅವರ ಅಪಘಾತ ಪಾಲಿಸಿಯ ಪ್ರತಿ ಕೊಡಿ. ಮುಂದಿನ ದುರಸ್ತಿಯ ಹೊತ್ತಿಗೆ ಟೆರೇಸಿನ ಅಂಚಿನಲ್ಲೂ ಡಕ್ಟ್‌ಗಳ ಬಳಿಯೂ ಬೆಲ್ಟಿನ ಕೊಕ್ಕೆ ಹಾಕಲು ಗಟ್ಟಿ ಕಬ್ಬಿಣದ ಬಳೆಗಳನ್ನು ಕೂರಿಸಿ. ಸಂಘದ ವಾರ್ಷಿಕ ಸಭೆಗಳು ಬಹುತೇಕ ಕಡೆ ಹಣಕಾಸಿನ ವರ್ಷ ಮುಗಿದ ಮೇಲೆ ನಡೆಯುತ್ತವೆ, ಎಎಂಸಿ ನವೀಕರಣದ ವಿಷಯ ಆ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಈ ಸಲ ಅದನ್ನು ಓದಿ ಮುಂದಕ್ಕೆ ಹೋಗುವ ಮೊದಲು ಯಾರಾದರೂ ಒಬ್ಬರು ಎದ್ದು ಚಲನ್ ಎಲ್ಲಿ ಎಂದು ಕೇಳಿ.